ತಿನ್ನದವರು ಬರೆದ ಮೀನಿನ ಪುಸ್ತಕಗಳು

ಕೊಟ್ಟೂರಿನಲ್ಲಿ ಕೂತು, ಅದೂ ನೌಕರಿಯಿಂದ ನಿವೃತ್ತನಾದ ಮೇಲೆ, ಪುಸ್ತಕ ಓದಿ ಗಾಳ ಹಾಕುವುದನ್ನು ಕಲಿಯುತ್ತೇನೆಂದು ಹೊರಟವನನ್ನು ಜನ ಏನೆನ್ನಬೇಕೋ ಅದನ್ನೆಲ್ಲ ನನಗೂ ಅಂದಿದ್ದಾರೆ. ಅವರದು ತಪ್ಪಲ್ಲ. ನಮ್ಮದು ಮೋಡ ನೋಡಿ ಬದುಕುವ ಸೀಮೆ. ಕೂಡ್ಲಿಗಿ, ಗುಡೇಕೋಟೆ ಕಡೆ ಹೊರಟರೆ ಕರಡಿಯಾದರೂ ಎದುರಾದೀತು, ಮೀನು ಎದುರಾಗಲಾರದು. ಕೊಟ್ಟೂರಿನ ಕೆರೆ ತುಂಬಿದ ವರ್ಷ ಊರಿಗೆ ಊರೇ ನೋಡಲು ಹೋಗುತ್ತದೆ. ಮಾಲವಿ ಜಲಾಶಯದಲ್ಲಿ ನೀರಿಗಿಂತ ನೆಲವನ್ನೇ ಹೆಚ್ಚು ಸಲ ಕಂಡವರು ನಾವು. ಇದಕ್ಕೆಲ್ಲ ಮಿಗಿಲಾದ ತೊಡಕೆಂದರೆ, ನಮ್ಮದು ಮೀನು ತಿನ್ನದ ಮನೆ.

ಈ ಉಸಾಬರಿ ಗಂಟುಬಿದ್ದದ್ದು ಅಮೆರಿಕದಲ್ಲಿರುವ ನನ್ನ ಅಣ್ಣನ ಮಗನಿಂದ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಗಿ, ರೈತರೆಲ್ಲ ಹರಿದುಹೋಗುವ ನೀರು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದ ವಾರದಲ್ಲೇ ಅವನು ಊರಿಗೆ ಬಂದಿದ್ದ. ಹೋಗುವಾಗ ಒಂಬತ್ತು ಅಡಿಯ, ನಾಲ್ಕು ತುಂಡಾಗಿ ಬಿಚ್ಚುವ ಒಂದು ಕೋಲು, ಒಂದು ರಾಟೆ, ಡಬ್ಬಿ ತುಂಬ ಗರಿ ಸುತ್ತಿ ಮಾಡಿದ ಹುಸಿ ನೊಣ, ಎರಡು ಇಂಗ್ಲಿಷ್ ಪುಸ್ತಕ ಬಿಟ್ಟುಹೋದ. “ಕಾಕಾ, ಮನ್ಯಾಗ ಕೂತು ಏನ್ ಮಾಡ್ತೀರಿ, ಇದನ್ನ ಕಲೀರಿ” ಅಂದ. ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡಬೇಕಂತೆ. ಹಾಗಾದರೆ ನಮ್ಮ ಮನೆತನಕ್ಕೂ ಬಾಧಕವಿಲ್ಲವೆಂದು ಒಪ್ಪಿಕೊಂಡೆ.

ಫ್ಲೈ ಫಿಶಿಂಗ್ ಎನ್ನುವ ಈ ನೊಣದ ಗಾಳ ನಾವು ಹುಡುಗರಾಗಿದ್ದಾಗ ಕಂಡ ಗಾಳದಂತಲ್ಲ. ನಮ್ಮ ಗಾಳದಲ್ಲಿ ಎರೆಹುಳದ ಭಾರವೋ ಸೀಸದ ಗುಂಡಿನ ಭಾರವೋ ತಂಗೂಸಿಯನ್ನು ನೀರಿಗೆ ಎಳೆದೊಯ್ಯುತ್ತದೆ. ಇದರಲ್ಲಿ ನೊಣಕ್ಕೆ ತೂಕವೇ ಇಲ್ಲ. ತೂಕವೆಲ್ಲ ದಪ್ಪನೆಯ ದಾರದ್ದು. ಕೋಲು ಬೀಸಿ ಆ ದಾರವನ್ನು ಗಾಳಿಯಲ್ಲಿ ಹಿಂದಕ್ಕೆ ಚಾಚಿಸಿ, ಮುಂದಕ್ಕೆ ಬಿಚ್ಚಿ, ತುದಿಯ ನೊಣ ತಾನೇ ಹಾರಿ ಬಂದು ಕೂತಂತೆ ನೀರಿನ ಮೇಲೆ ಇಳಿಸಬೇಕು. ಓದಿದರೆ ಇಷ್ಟೇ. ಬೀಸಿದರೆ ದಾರ ಕಿವಿಗೆ ಸುತ್ತುತ್ತದೆ.

ಬಿಟ್ಟುಹೋದ ಪುಸ್ತಕಗಳಲ್ಲಿ ಒಂದು ಟಾಮ್ ರೋಸೆನ್‌ಬಾವರ್ ಎಂಬವರದು, ಓರ್ವಿಸ್ ಎಂಬ ಅಂಗಡಿಯವರ ಕೈಪಿಡಿ. 1984ರಿಂದ ಮರುಮುದ್ರಣ ಕಾಣುತ್ತ ಬಂದಿದೆ. ಎಲ್ಲವೂ ಇದೆ ಅದರಲ್ಲಿ, ಅದೇ ಅದರ ದೋಷ. ಕಾಗುಣಿತ ಕಲಿಯಲು ಬಂದ ಹುಡುಗನ ಕೈಗೆ ಕಿಟ್ಟೆಲ್ ಕೋಶ ಕೊಟ್ಟ ಹಾಗೆ. ಇನ್ನೊಂದು ಶೆರಿಡನ್ ಆಂಡರ್ಸನ್ ಬರೆದು ಚಿತ್ರಿಸಿದ 1978ರ ‘ದ ಕರ್ಟಿಸ್ ಕ್ರೀಕ್ ಮ್ಯಾನಿಫೆಸ್ಟೊ’. ಐವತ್ತು ಪುಟವೂ ಇಲ್ಲ, ಇಡೀ ಪುಸ್ತಕ ವ್ಯಂಗ್ಯಚಿತ್ರದಂತಿದೆ. ಮೊದಲು ಅದನ್ನು ಮಕ್ಕಳ ಪುಸ್ತಕವೆಂದು ಮೂಲೆಗಿಟ್ಟೆ. ಆಮೇಲೆ ತಿಳಿಯಿತು, ಎರಡರಲ್ಲಿ ನಿಜವಾದ ಮೇಷ್ಟ್ರು ಇವನೇ. ಕೋಲಿನ ಬೆಲೆ, ದಾರದ ನಂಬರುಗಳಿಗಿಂತ ಅವನಿಗೆ ಮುಖ್ಯವಾದದ್ದು ಮೀನಿಗೆ ನೀನು ಕಾಣಬಾರದು ಎಂಬುದು. ಬಗ್ಗಿ ನಡೆ, ತೆವಳಿಕೊಂಡು ಹೋಗು, ನಿನ್ನ ನೆರಳು ನೀರಿಗೆ ಬೀಳದಂತೆ ನೋಡಿಕೋ. ಕಲಿಯುವವನ ಅಜ್ಞಾನವನ್ನು ಮರೆಯದೆ ಬರೆದ ಪುಸ್ತಕ ಅದು. ಮೂವತ್ತು ವರ್ಷ ಪಾಠ ಹೇಳಿದವನಾಗಿ ಅದೆಷ್ಟು ಕಷ್ಟವೆಂದು ಬಲ್ಲೆ.

ಆದರೆ ಎರಡೂ ಪುಸ್ತಕ ಹೇಳುವುದು ತಣ್ಣೀರಿನ ಟ್ರೌಟ್ ಮೀನಿನ ಮಾತು. ಕಲ್ಲುಗಳ ನಡುವೆ ತಿಳಿಯಾಗಿ ಹರಿಯುವ ತೊರೆಯ ಮಾತು. ನಮ್ಮ ಹಿನ್ನೀರಿನ ಕೆಂಪು ರಾಡಿಯಲ್ಲಿ ಜಿಲೇಬಿ, ಗೆಂಡೆ, ಕಾಟ್ಲಾ, ಕೊರಮೀನು, ಬಾಳೆಮೀನು ಇರುವಲ್ಲಿ ಆ ಪಾಠದ ಅರ್ಧಭಾಗ ಕೆಲಸಕ್ಕೆ ಬರುವುದಿಲ್ಲ.

ಹಾಗಾಗಿ ಕನ್ನಡದಲ್ಲಿ ಹುಡುಕಿದೆ. ಹೊಸಪೇಟೆ, ದಾವಣಗೆರೆಯ ಅಂಗಡಿಗಳಲ್ಲಿ ಕೇಳಿದರೆ ಮೀನು ಸಾಕಣೆಯ ಕಿರುಹೊತ್ತಿಗೆ ಕೊಟ್ಟರು. ಹೊಂಡ ತೋಡುವುದು, ಮರಿ ಬಿಡುವುದು, ಸುಣ್ಣ ಹಾಕುವುದು. ಉಪಯುಕ್ತವೇ, ಆದರೆ ಅವುಗಳಲ್ಲಿ ಮೀನು ಎಂದರೆ ಕಿಲೋ ಲೆಕ್ಕ. ಉಳಿದವರು ತೇಜಸ್ವಿ. 1991ರ ‘ಪರಿಸರದ ಕತೆ’ ಓದಿ ಗಾಳ ಕೊಳ್ಳಲು ಹೊರಟ ಹುಡುಗರು ಎಷ್ಟು ಜನವೋ. ಗಾಳದ ಹುಚ್ಚನ್ನು ಕನ್ನಡ ಗದ್ಯಕ್ಕೆ ಅವರಷ್ಟು ಸಲೀಸಾಗಿ ತಂದವರಿಲ್ಲ. ಆದರೂ ಒಂದು ಮಾತು ಹೇಳಬೇಕು. ತೇಜಸ್ವಿ ಗಾಳದ ಆಸೆ ಹುಟ್ಟಿಸುತ್ತಾರೆ, ಗಾಳ ಹಾಕುವುದನ್ನು ಕಲಿಸುವುದಿಲ್ಲ. ಅವರ ಓದುಗ ನದಿಯ ದಂಡೆಗೆ ಬಂದು ಬರಿಗೈಯಲ್ಲಿ ನಿಲ್ಲುತ್ತಾನೆ. ಕಲಿಸುವ ಪುಸ್ತಕ ಬರೆಯಬೇಕೆಂಬ ಹಂಗು ಕತೆಗಾರನಿಗಿಲ್ಲ. ದೂರು ಅವರ ಮೇಲಲ್ಲ, ಅವರ ನಂತರವೂ ಆ ಜಾಗವನ್ನು ಖಾಲಿ ಬಿಟ್ಟ ನಮ್ಮ ಮೇಲೆ.

ಅಣ್ಣನ ಮಗ ಹಳೆಯ ಪುಸ್ತಕಗಳ ಪ್ರತಿ ತೆಗೆಸಿ ಕಳಿಸಿದ. ಐಸಾಕ್ ವಾಲ್ಟನ್‌ನ 1653ರ ಪುಸ್ತಕಕ್ಕೆ ಲೋಕವೆಲ್ಲ ಕೈಮುಗಿಯುತ್ತದೆ. ನನಗದು ಹಾಡು ಹರಟೆಗಳ ನಡುವೆ ಮೀನು ಆಗಾಗ ಬಾಲ ತೋರಿಸುವ ಪುಸ್ತಕದಂತೆ ಕಂಡಿತು. ನೊಣದ ಗಾಳದ ಪಾಠ ಅದರಲ್ಲಿ ಗಟ್ಟಿಯಾಗಿ ಬರುವುದು 1676ರಲ್ಲಿ ಚಾರ್ಲ್ಸ್ ಕಾಟನ್ ಬರೆದು ಸೇರಿಸಿದ ಭಾಗದಲ್ಲಿ. ಓದಿ ಸಂತೋಷಪಟ್ಟು ಪಕ್ಕಕ್ಕಿಟ್ಟೆ.

ನನ್ನನ್ನು ಹಿಡಿದು ಕೂರಿಸಿದ್ದು ಹೆನ್ರಿ ಸಲಿವನ್ ಥಾಮಸ್ ಬರೆದ ‘ದ ರಾಡ್ ಇನ್ ಇಂಡಿಯಾ’. ಈತ ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದವನು. ಪುಸ್ತಕ ಅಚ್ಚಾದದ್ದು 1873ರಲ್ಲಿ, ಮಂಗಳೂರಿನಲ್ಲಿ! ಭಾರತದ ಗಾಳದ ಪುಸ್ತಕಗಳ ಹಿರಿಯಣ್ಣ ಕನ್ನಡನಾಡಿನಲ್ಲೇ ಹುಟ್ಟಿ ಕನ್ನಡಕ್ಕೆ ಬಾರದೆ ಉಳಿದದ್ದು ಸೋಜಿಗ. 1887ರಲ್ಲಿ ಆತನೇ ಇನ್ನೊಂದು ಬರೆದ, ‘ಟ್ಯಾಂಕ್ ಆ್ಯಂಗ್ಲಿಂಗ್ ಇನ್ ಇಂಡಿಯಾ’, ಕೆರೆಯ ಮೀನುಗಳಿಗೆಂದೇ ಒಂದು ಪುಸ್ತಕ. ನಮ್ಮ ಬಳ್ಳಾರಿಯೂ 1953ರವರೆಗೆ ಇದ್ದದ್ದು ಅದೇ ಮದರಾಸು ಆಡಳಿತದಲ್ಲಿ. ಥಾಮಸ್‌ನ ಗುಣವೆಂದರೆ, ಮೀನು ಏನು ತಿನ್ನುತ್ತದೆ ಎಂಬುದನ್ನು ಮೊದಲು ನೋಡು ಎನ್ನುವುದು. ಮಹಶೀರಿನ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಅದರ ಊಟ, ಅದನ್ನು ಹಿಡಿಯುವ ಬಗೆ, ಎರಡೂ ಅಲ್ಲಿಂದಲೇ ಶುರುವಾಗಬೇಕು. ಇದು ನನಗೆ ಕೋಲಿನ ನಂಬರಿಗಿಂತ ಉಪಕಾರಿಯಾಯಿತು. ಬರವಣಿಗೆಯಲ್ಲಿ ದೊರೆತನದ ಠೀವಿ ಇದೆ. ಜೊತೆಗೆ ಬಂದ ಊರಿನ ಮೀನುಗಾರ ಆ ಪುಟಗಳಲ್ಲಿ ಬುಟ್ಟಿ ಹೊರುವವನಾಗಿಯೇ ಉಳಿಯುತ್ತಾನೆ.

ಇಂಗ್ಲಿಷರಿಗಿಂತ ಹಿಂದಿನದೂ ಒಂದಿದೆ. ಇಂಗ್ಲಿಷಿನ ಮೊದಲ ಅಚ್ಚಾದ ಗಾಳದ ಪುಸ್ತಕ 1496ರದು. ಅದಕ್ಕೂ ಮುನ್ನೂರೈವತ್ತು ವರ್ಷ ಮೊದಲೇ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂದು ಒಂದು ಅಧ್ಯಾಯವನ್ನೇ ಬರೆದ. ಸಮುದ್ರದ ಮೀನು, ಹೊಳೆಯ ಮೀನು, ಹುರುಪೆ ಇರುವುದು, ಇಲ್ಲದ್ದು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ತಿನಿಸು ಹಾಕಿ ರೂಢಿ ಮಾಡಬೇಕು, ದಾರ ಎಂಥದಿರಬೇಕು, ಕೋಲು ಎಂಥದು ಎಂದು ಒಂದೊಂದಾಗಿ ಹೇಳುತ್ತಾನೆ. ಸುಂದರಲಾಲ್ ಹೋರಾ ಎಂಬ ಮೀನುಶಾಸ್ತ್ರಜ್ಞರು 1951ರಲ್ಲಿ ಇದರ ಮೇಲೆ ಪ್ರಬಂಧ ಬರೆದು ವಿದ್ವಾಂಸರ ಗಮನ ಸೆಳೆದರು. ಇದೇ ದೊರೆಯ ಅಜ್ಜ ಆಹವಮಲ್ಲ ಸೋಮೇಶ್ವರ 1068ರಲ್ಲಿ ತುಂಗಭದ್ರೆಗೆ ಇಳಿದು ದೇಹ ಬಿಟ್ಟದ್ದು ನಮ್ಮ ಹಡಗಲಿ ತಾಲೂಕಿನ ಕುರುವತ್ತಿಯಲ್ಲಿ. ಅಲ್ಲಿಯ ಮಲ್ಲಿಕಾರ್ಜುನ ಗುಡಿಯ ಮುಂದೆ ಹೊಳೆ ನೋಡುತ್ತ ನಿಂತಾಗ ನನಗೆ ಈ ಅಜ್ಜ, ಮೊಮ್ಮಗ ಇಬ್ಬರೂ ನೆನಪಾಗುತ್ತಾರೆ. ಹರಪನಹಳ್ಳಿಯ ಬಾಗಳಿ, ನೀಲಗುಂದಗಳಲ್ಲೂ ಚಾಲುಕ್ಯರ ಕಾಲದ ಗುಡಿಗಳೇ. ಹರಪನಹಳ್ಳಿ ತಾಲೂಕು 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಹಲವಾಗಲಿನ ಹತ್ತಿರದ ಹೊಳೆಯ ಮೀನಿಗೆ ಇದಾವುದೂ ತಿಳಿದಂತಿಲ್ಲ.

ಈ ಪುಸ್ತಕಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಚುಚ್ಚತೊಡಗಿತು. ಬರೆದವರು ಯಾರು? ಒಬ್ಬ ದೊರೆ, ಒಬ್ಬ ಕಲೆಕ್ಟರು, ಒಬ್ಬ ಲಂಡನ್ನಿನ ವ್ಯಾಪಾರಿ, ಒಬ್ಬ ಅಂಗಡಿಯ ಪರವಾಗಿ ಬರೆದವ. ಆ ದಿನ ಮೀನು ಸಿಗದಿದ್ದರೆ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ ಎಂಬ ಸ್ಥಿತಿಯವರು ಇವರಲ್ಲಿ ಒಬ್ಬರೂ ಇಲ್ಲ. ಸೋಮೇಶ್ವರ ಅದನ್ನು ಮುಚ್ಚಿಡುವುದಿಲ್ಲ, ವಿನೋದ ಎಂದೇ ಕರೆದ. ಉಳಿದವರು ಅದಕ್ಕೆ ಬೇರೆ ಬೇರೆ ಹೆಸರಿಟ್ಟರು. ಓದುತ್ತ ಕೂತ ನಾನೂ ಪೆನ್ಶನ್ ಬರುವವನು.

ಇದನ್ನು ನನಗೆ ಮನಗಾಣಿಸಿದವರು ಹಗರಿಬೊಮ್ಮನಹಳ್ಳಿ ತಾಲೂಕಿನ ತಂಬ್ರಹಳ್ಳಿ ಕಡೆಯ ಹಿನ್ನೀರಿನಲ್ಲಿ ಸಿಕ್ಕ ಅಂಬಿಗರ ಯಜಮಾನರು. ಎಂಬತ್ತು ದಾಟಿದವರು. (ಅಂಕಸಮುದ್ರದ ಕೆರೆಗೆ ನಾನು ಕೋಲು ಒಯ್ಯುವುದಿಲ್ಲ. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ತಾಣ ಅದು. ಅಲ್ಲಿ ಹಕ್ಕಿಗಳಿಗಷ್ಟೇ ಮೀನಿನ ಹಕ್ಕು.) ನಾನು ಕೋಲು ಜೋಡಿಸಿ, ಪುಸ್ತಕದಲ್ಲಿ ಹೇಳಿದ ಹಾಗೆ ಗಡಿಯಾರದ ಹತ್ತರಿಂದ ಒಂದರ ನಡುವೆ ಬೀಸುತ್ತಿದ್ದೆ. ಹರಿಗೋಲು ಕವುಚಿ ಹಾಕಿ ಅದರ ನೆರಳಲ್ಲಿ ಕೂತಿದ್ದವರು ಬಹಳ ಹೊತ್ತು ನೋಡಿದರು.

“ಮೇಷ್ಟ್ರೇ, ಬಾರುಕೋಲು ಐತಿ, ಎತ್ತು ಎಲ್ಲದಾವ್ರಿ?”

ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಅವರೇ ಮುಂದುವರಿಸಿದರು. “ಬಾರು ಹಿಂದಕ ಪೂರ್ತಿ ಚಾಚೂತನಕ ತಡೀಬೇಕ್ರಿ. ನೀವು ಅವಸರ ಮಾಡಾಕತ್ತೀರಿ.”

ತಡೆದೆ. ದಾರ ಹಿಂದೆ ನೆಟ್ಟಗಾದದ್ದು ಕೈಗೆ ತಿಳಿಯಿತು. ಮುಂದಕ್ಕೆ ಬಿಟ್ಟೆ. ಮೂರು ತಿಂಗಳಲ್ಲಿ ಮೊದಲ ಸಲ ಅದು ನೀರಿನ ಮೇಲೆ ಉದ್ದಕ್ಕೆ ಮಲಗಿತು. ಎತ್ತಿನ ಬಾರನ್ನು ಚಟ್ಟೆನ್ನಿಸುತ್ತೇವೆ, ಇದನ್ನು ಹಾಗೆ ಮಾಡಿದರೆ ತುದಿಯ ನೊಣ ಹರಿದುಹೋಗುತ್ತದೆ, ಅಷ್ಟೇ ವ್ಯತ್ಯಾಸ. ಬಂಡಿ ಹೊಡೆದ ಮನುಷ್ಯನಿಗೆ ಒಂದು ಸಾಲಿನಲ್ಲಿ ಹೇಳಬಹುದಾದದ್ದನ್ನು ಆ ಪುಸ್ತಕ ಗಡಿಯಾರ ಬಿಡಿಸಿ ಹೇಳಿತ್ತು.

ಎಲ್ಲಿ ಹಾಕಬೇಕೆಂದು ಕೇಳಿದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಇದಕ್ಕೆ ‘ನೀರನ್ನು ಓದುವುದು’ ಎಂಬ ಅಧ್ಯಾಯವಿರುತ್ತದೆ. ಕಲ್ಲಿನ ಮರೆ, ಸುಳಿಯ ಅಂಚು, ಹೀಗೆ. ಅಕ್ಷರ ಬಾರದ ಯಜಮಾನರು ಬೆರಳು ಚಾಚಿ ಓದಿದರು: ಅಲ್ಲಿ ನಮ್ಮ ಹಳೇ ಊರಿನ ಅಗಸಿ ಇತ್ತು, ಅದರ ಕಲ್ಲು ಇನ್ನೂ ಬಿದ್ದಾವೆ, ಬಾಳೆಮೀನು ಅಲ್ಲಿ ನಿಲ್ಲುತ್ತದೆ. ಈಚೆ ಗೌಡರ ಬಾವಿ. ಆ ಕಡೆ ಹುಣಸೆಮರದ ಬೊಡ್ಡೆ, ಬಲೆ ಸಿಕ್ಕಿ ಹರಿಯುತ್ತದೆ, ಅತ್ತ ಹೋಗಬೇಡಿ. ಅವರು ಹುಡುಗನಾಗಿದ್ದಾಗ, ಅಣೆಕಟ್ಟು ಮುಗಿದ 1953ರ ಸುಮಾರಿಗೆ, ಊರು ಮುಳುಗಿತ್ತು. ಎಪ್ಪತ್ತು ವರ್ಷ ಆ ಊರಿನ ಮೇಲೆಯೇ ಹರಿಗೋಲು ಹಾಕಿ ಬದುಕಿದ್ದಾರೆ.

ಅವರು ತೋರಿಸಿದ ಅಂಚಿನಲ್ಲಿ ನನಗೊಂದು ಗೆಂಡೆ ಬಿತ್ತು. ಗೇಣುದ್ದದ್ದು. ನನ್ನ ಜೀವನದ ಮೊದಲ ಮೀನು. ಪುಸ್ತಕದಲ್ಲಿದ್ದಂತೆ ಕೈ ಒದ್ದೆ ಮಾಡಿಕೊಂಡು, ನಾಜೂಕಾಗಿ ಕೊಕ್ಕೆ ಬಿಡಿಸಿ, ನೀರಿಗೆ ಬಿಟ್ಟೆ. ಹೆಮ್ಮೆಯಿಂದ ತಿರುಗಿ ನೋಡಿದೆ.

ಯಜಮಾನರ ಮುಖ ಕಪ್ಪಿಟ್ಟಿತ್ತು. “ತಿನ್ನಂಗಿಲ್ಲ ಅಂದಮ್ಯಾಲ ಅದರ ಬಾಯಿಗೆ ಯಾಕ ಚುಚ್ಚಿದ್ರಿ?”

ಉತ್ತರಕ್ಕಾಗಿ ಮನೆಗೆ ಬಂದು ಪುಸ್ತಕಗಳನ್ನೆಲ್ಲ ತೆರೆದೆ. ಬಿಡುವುದು ಹೇಗೆಂದು ಅಂಗಡಿಯ ಕೈಪಿಡಿಯಲ್ಲಿದೆ. ಹಿಡಿಯುವುದು ಯಾಕೆ ಎಂಬ ಪ್ರಶ್ನೆಗೆ ವಾಲ್ಟನ್ ಏನೋ ಸಮಾಧಾನ ಹೇಳುತ್ತಾನೆ, ಅದನ್ನು ತಂಬ್ರಹಳ್ಳಿಯ ದಂಡೆಯ ಮೇಲೆ ಹೇಳಲು ನನಗೆ ಬಾಯಿ ಬರಲಿಲ್ಲ. ಹೊಸಬನಿಗೆ ಯಾವ ಪುಸ್ತಕ ಕೊಡಬೇಕೆಂದು ಯಾರಾದರೂ ಕೇಳಿದರೆ ಈಗಲೂ ಆಂಡರ್ಸನ್‌ನ ಚಿತ್ರಗಳನ್ನೂ ಥಾಮಸ್‌ನ ಕೆರೆಯ ಪುಸ್ತಕವನ್ನೂ ಕೊಡುತ್ತೇನೆ, ಮತ್ಸ್ಯವಿನೋದವನ್ನು ತಿಳಿಗನ್ನಡಕ್ಕೆ ತಂದು ಅಗ್ಗದ ಬೆಲೆಗೆ ಮಾರಿ ಎಂದು ಪ್ರಕಾಶಕರ ಕಾಲು ಹಿಡಿಯುತ್ತೇನೆ. ಆದರೆ ಆ ಪ್ರಶ್ನೆ ಕೇಳಿದವರ ಪುಸ್ತಕ ಮಾತ್ರ ಎಲ್ಲೂ ಇಲ್ಲ.

ಅದಕ್ಕೇ ಇನ್ನೂರು ಪುಟದ ಒಂದು ನೋಟ್‌ಬುಕ್ಕು ಕೊಂಡಿದ್ದೇನೆ. ವಾರಕ್ಕೊಮ್ಮೆ ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತುತ್ತೇನೆ. ಅವರು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಯಾವ ಮಳೆಗೆ ಯಾವ ಮೀನು ಏರುತ್ತದೆ, ಹೊಸನೀರಿನ ವಾಸನೆಗೆ ಯಾವುದು ಮೊದಲು ಬರುತ್ತದೆ, ಮೊಟ್ಟೆಯ ಮೀನು ಬಲೆಗೆ ಬಿದ್ದರೆ ಅವರ ತಂದೆ ಏನು ಮಾಡುತ್ತಿದ್ದರು. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದಾರೆ, ಕೇಳುವವರು ಯಾರೂ ಇಲ್ಲದ್ದಕ್ಕೋ ಏನೋ ನನ್ನನ್ನು ಸಹಿಸಿಕೊಂಡಿದ್ದಾರೆ. ಕಣ್ಣಿನ ಪೊರೆ ಬಲಿಯುತ್ತಿದೆ, ಆಪರೇಶನ್ನಿಗೆ ಒಪ್ಪುತ್ತಿಲ್ಲ. ಕೋಲು ಒಯ್ದರೆ ಸುಮ್ಮನೆ ಮುಖ ತಿರುಗಿಸುತ್ತಾರೆ, ಹಾಗಾಗಿ ಈಚೆಗೆ ಒಯ್ಯುತ್ತಿಲ್ಲ.

ಈಗ ಹದಿನೆಂಟನೇ ಪುಟದಲ್ಲಿದ್ದೇವೆ. ಬೇಸಿಗೆಯಲ್ಲಿ ಹಿನ್ನೀರು ಇಳಿದ ಮೇಲೆ ಅಗಸಿಯ ಕಲ್ಲು ಮುಟ್ಟಿಸಿ ತೋರಿಸುತ್ತೇನೆಂದಿದ್ದಾರೆ.