ಚೀಟಿಯಲ್ಲಿ ಕಬ್ಬಿಣ, ಎಲೆಯಲ್ಲಿ ಹಳದಿ

2015ರ ಫೆಬ್ರವರಿಯಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ. ಕಬ್ಬಿಣ ಅವುಗಳಲ್ಲೊಂದು. ಲಘು ಪೋಷಕಾಂಶಗಳನ್ನು ಸಾಮಾನ್ಯ ರೈತನ ಗಮನಕ್ಕೆ ತಂದದ್ದು ಈ ಚೀಟಿಯ ಹಿರಿಮೆ. ಆದರೆ ಹಣ್ಣಿನ ತೋಟದ ಮಟ್ಟಿಗೆ ಕಬ್ಬಿಣದ ಸಾಲು ಎಷ್ಟು ನಂಬಲರ್ಹ?

ಎರ್ಮಾಳಿನಂಥ ಕರಾವಳಿ ಊರನ್ನೇ ನೋಡೋಣ. ಕಡಲಂಚಿನಲ್ಲಿ ಮರಳು, ಒಳಭಾಗದಲ್ಲಿ ಕೆಂಪು ಮುರಕಲ್ಲಿನ ಮಣ್ಣು. ಆ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡುಗಳದೇ. ಮಣ್ಣು ಆಮ್ಲೀಯವಾದ್ದರಿಂದ ಅದರ ಒಂದಂಶ ಕರಗಿ ಬೇರಿಗೆ ದಕ್ಕುತ್ತದೆ. ಪಿಎಚ್ ಒಂದು ಅಂಕ ಏರಿದರೆ ಫೆರಿಕ್ ಅಯಾನಿನ ಕರಗುವಿಕೆ ಸುಮಾರು ಸಾವಿರ ಪಟ್ಟು ಇಳಿಯುತ್ತದೆ. ಆದ್ದರಿಂದಲೇ ವಿಜಯಪುರದ ಸುಣ್ಣಯುಕ್ತ ಮಣ್ಣಿನಲ್ಲಿ ಕಬ್ಬಿಣವಿದ್ದರೂ ದ್ರಾಕ್ಷಿ ಬಳ್ಳಿಯ ಎಳೆ ಎಲೆ ಹಳದಿಯಾಗಬಹುದು.

ಪ್ರಯೋಗಾಲಯಗಳು ಬಳಸುವ ಡಿಟಿಪಿಎ ವಿಧಾನವನ್ನು ಲಿಂಡ್ಸೆ ಮತ್ತು ನಾರ್ವೆಲ್ 1978ರಲ್ಲಿ ಪ್ರಕಟಿಸಿದರು. 10 ಗ್ರಾಂ ಮಣ್ಣನ್ನು 20 ಮಿ.ಲೀ. ದ್ರಾವಣದಲ್ಲಿ 2 ಗಂಟೆ ಅಲುಗಾಡಿಸಿ, ಸೋಸಿ, ಕಬ್ಬಿಣವನ್ನು ಅಳೆಯುತ್ತಾರೆ. ಕಿಲೋಗ್ರಾಂಗೆ 4.5 ಮಿ.ಗ್ರಾಂ.ಗಿಂತ ಕಡಿಮೆಯಾದರೆ ಕೊರತೆ ಎಂದು ಲೆಕ್ಕ. ದ್ರಾವಣದ ಪಿಎಚ್ 7.3. ತಟಸ್ಥ ಹಾಗೂ ಸುಣ್ಣಯುಕ್ತ ಮಣ್ಣಿನ ಸುಣ್ಣ ಕರಗದಿರಲೆಂದೇ ಈ ಏರ್ಪಾಡು. ಆಮ್ಲೀಯ ಮುರಮಣ್ಣಿಗೂ ಅದೇ ಅಳತೆಗೋಲನ್ನು ಹಿಡಿಯುವುದು ಮೊದಲ ದೋಷ.

ಎರಡನೆಯದು ಮಾದರಿ. ಯೋಜನೆ ಆರಂಭವಾದಾಗ ನೀರಾವರಿಯಲ್ಲಿ 2.5 ಹೆಕ್ಟೇರಿಗೆ, ಮಳೆಯಾಶ್ರಯದಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ ಎಂದು ಗೊತ್ತುಮಾಡಲಾಗಿತ್ತು. ಕರಾವಳಿಯ ಕಿರಿದಾದ ಪಟ್ಟಿಯಲ್ಲಿ ಅಷ್ಟರೊಳಗೇ ಮರಳೂ ಮುರಮಣ್ಣೂ ಸೇರಿರಬಹುದು. ಮೇಲಿನ 15 ಸೆಂ.ಮೀ. ಮಣ್ಣು ರಾಗಿ, ಭತ್ತಗಳಿಗೆ ಸಾಕು. ಮಾವಿನ ಬೇರು ಅಲ್ಲಿಗೇ ನಿಲ್ಲುವುದಿಲ್ಲ.

ಮೂರನೆಯದು ಹೆಚ್ಚು ಗಂಭೀರ. ನೀರಿನಲ್ಲಿರುವ ಬೈಕಾರ್ಬನೇಟ್, ನಿಂತ ತೇವ, ಬೇರಿನ ಸ್ಥಿತಿ—ಇವು ಕಬ್ಬಿಣದ ಹೀರಿಕೆಯನ್ನು ತಡೆಯಬಲ್ಲವು. ಇವ್ಯಾವುವೂ ಆ ಒಂದು ಸಂಖ್ಯೆಯಲ್ಲಿ ಕಾಣವು. ಹೀಗಾಗಿ 'ಸಾಕಷ್ಟಿದೆ' ಎಂದ ತೋಟದಲ್ಲೂ ಎಲೆ ಹಳದಿಯಾಗಬಹುದು. ಹಳದಿ ಎಲೆಯ ಒಟ್ಟು ಕಬ್ಬಿಣವೂ ಕೆಲವೊಮ್ಮೆ ಹಸಿರೆಲೆಯಷ್ಟೇ ಇರುತ್ತದೆ. ಅದಕ್ಕಾಗಿಯೇ ಕತ್ಯಾಲ್ ಮತ್ತು ಶರ್ಮಾ 1980ರಲ್ಲಿ ಹಸಿ ಎಲೆಯ ಫೆರಸ್ ಅಂಶವನ್ನು ಅಳೆಯುವ ವಿಧಾನ ಸೂಚಿಸಿದರು.

ಚೀಟಿಯನ್ನಷ್ಟೇ ನಂಬಿ ಸುಣ್ಣದ ಮಣ್ಣಿಗೆ ಫೆರಸ್ ಸಲ್ಫೇಟ್ ಸುರಿದರೆ ಅದು ಬೇಗನೆ ಕರಗದ ರೂಪ ತಾಳುತ್ತದೆ. ರೈತನ ಹಣ ಮಣ್ಣುಪಾಲು. ಶಾಲೆಯಲ್ಲೇ ಮಾಡಬಹುದಾದ ಸರಳ ಪರೀಕ್ಷೆಯಿದೆ. ಹಳದಿಯಾದ ಎಳೆ ಎಲೆಯ ಅರ್ಧಕ್ಕೆ ಶೇ. 0.5ರ ಫೆರಸ್ ಸಲ್ಫೇಟ್ ದ್ರಾವಣ ಸವರಿ ಕೆಲವು ದಿನ ಗಮನಿಸಿ. ಆ ಭಾಗ ಹಸಿರಾದರೆ ಕೊರತೆ ಕಬ್ಬಿಣದ್ದೇ. ಹಳೆಯ ಎಲೆ ಮೊದಲು ಹಳದಿಯಾಗಿದ್ದರೆ ಮೆಗ್ನೀಸಿಯಂ ಅಥವಾ ಸಾರಜನಕದತ್ತ ನೋಡಬೇಕು.

ಚೀಟಿಯನ್ನು ಕೈಬಿಡಬೇಕಾಗಿಲ್ಲ. ಹಣ್ಣಿನ ತೋಟಕ್ಕೆ ಆಳದ ಮಾದರಿ, ಪಿಎಚ್ ಜೊತೆಗೆ ಸುಣ್ಣದ ಅಂಶ, ಎಲೆಯ ಪರೀಕ್ಷೆ—ಈ ಮೂರೂ ಸೇರಿದರೆ ಕಬ್ಬಿಣದ ಸಾಲಿಗೆ ಅರ್ಥ ಬರುತ್ತದೆ.