ದುಂಡು ಕಣಜದ ತರ್ಕವೂ ನಮ್ಮ ಹಗೇವೂ

ಅಮೆರಿಕದ ಒಕ್ಕಲು ಸೀಮೆಗಳಲ್ಲಿ ಇಂದಿಗೂ ಅಲ್ಲಲ್ಲಿ ನಿಂತಿರುವ ದುಂಡು ಹಾಗೂ ಬಹುಕೋನದ ಕೊಟ್ಟಿಗೆಗಳ ವಿಷಯದಲ್ಲಿ ಒಂದು ವಾದ ರೂಢವಾಗಿದೆ. ಇಲಿನಾಯ್ ಪ್ರಾಂತದ ಕೃಷಿ ಪ್ರಯೋಗ ಕೇಂದ್ರವು 1910ರಲ್ಲಿ ಹೊರತಂದ ಪತ್ರಿಕೆಯು ಅದನ್ನು ಸ್ಪಷ್ಟವಾಗಿ ಮಂಡಿಸಿತು: ಅಷ್ಟೇ ನೆಲವನ್ನು ಸುತ್ತುವರಿಯಲು ವೃತ್ತಕ್ಕೆ ಕಡಿಮೆ ಗೋಡೆ ಸಾಕು. ಚೌಕಕ್ಕೆ ಹೋಲಿಸಿದರೆ ಈ ಉಳಿತಾಯ ನೂರಕ್ಕೆ ಸುಮಾರು 11. ಲೆಕ್ಕ ನಿಜ. ಆದರೆ ಲೆಕ್ಕ ನಿಜವಾದ ಮಾತ್ರಕ್ಕೆ ಅದೇ ಚರಿತ್ರೆಯಾಗುವುದೆ?

ಜಾರ್ಜ್ ವಾಷಿಂಗ್ಟನ್ 1790ರ ದಶಕದಲ್ಲಿ ಕಟ್ಟಿಸಿದ 16 ಮುಖದ ಕೊಟ್ಟಿಗೆಯೇ ಈ ವಾದಕ್ಕೆ ಒಗ್ಗದು. ಅದರೊಳಗೆ ಕುದುರೆಗಳು ಸುತ್ತು ತಿರುಗಿ ಗೋದಿಯನ್ನು ತುಳಿಯುತ್ತಿದ್ದವು; ಹಲಗೆಗಳ ಸಂದಿನಿಂದ ಕಾಳು ಕೆಳಗಿನ ಅಂತಸ್ತಿಗೆ ಉದುರುತ್ತಿತ್ತು. ಅಲ್ಲಿ ಆಕಾರವನ್ನು ನಿರ್ಣಯಿಸಿದುದು ಗೋಡೆಯ ವೆಚ್ಚವಲ್ಲ, ಪ್ರಾಣಿಯ ನಡಿಗೆ. ಮೇಟಿಯ ಸುತ್ತ ಹಂತಿ ಹೊಡೆಯುತ್ತಿದ್ದ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಣವೂ ದುಂಡೇ. ಅದಕ್ಕೆ ಗೋಡೆಯೇ ಇಲ್ಲ.

ಹಗೇವು ಇನ್ನೂ ಬಲವಾದ ಸಾಕ್ಷಿ. ಊರೊಳಗಿನ ಎತ್ತರದ ಗಟ್ಟಿ ನೆಲದಲ್ಲಿ ತೋಡಿದ, ಬಾಯಿ ಕಿರಿದು ಒಡಲು ಹಿರಿದಾದ ಈ ಕುಳಿಯಲ್ಲಿ ಬದಿಗೆ ಹುಲ್ಲು, ಹೊಟ್ಟು ಹಾಸಿ ಜೋಳ ತುಂಬುತ್ತಿದ್ದರು. ಮೇಲೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣಿನಿಂದ ಮೆತ್ತುತ್ತಿದ್ದರು. ಸುತ್ತಣ ಮಣ್ಣಿನ ಒತ್ತಡವನ್ನು ಮೂಲೆಯಿಲ್ಲದ ದುಂಡು ಒಡಲು ಸಮನಾಗಿ ತಾಳುತ್ತದೆ. ಮುಚ್ಚಿದ ಕುಳಿಯಲ್ಲಿ ಕಾಳಿನ ಮತ್ತು ಹುಳುಗಳ ಉಸಿರಾಟದಿಂದಲೇ ಪ್ರಾಣವಾಯು ತೀರಿ ಹುಳುಗಳು ಸಾಯುತ್ತವೆ. ಆದುದರಿಂದಲೇ ಬಾಯಿ ತೆರೆದೊಡನೆ ಒಳಗಿಳಿಯುವುದು ಅಪಾಯ. ರೋಮಿನ ವ್ಯಾರೊ ಎಂಬ ಪಂಡಿತನು ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ತನ್ನ ಕೃಷಿಗ್ರಂಥದಲ್ಲಿ ಇಂಥ ನೆಲಕುಳಿಗಳನ್ನು ವರ್ಣಿಸಿ ಇದೇ ಎಚ್ಚರಿಕೆಯನ್ನು ಕೊಟ್ಟಿದ್ದಾನೆ.

ನಿಪ್ಪಾಣಿಯಿಂದ ಉತ್ತರಕ್ಕೆ ಕೊಲ್ಹಾಪುರವನ್ನು ದಾಟಿದರೆ ಪನ್ಹಾಳಗಡದಲ್ಲಿ ಗಂಗಾ, ಯಮುನಾ, ಸರಸ್ವತಿ ಎಂಬ ಮೂರು ಕಲ್ಲಿನ ಉಗ್ರಾಣಗಳಿವೆ. ಅವು ದುಂಡಲ್ಲ, ಕಾಳು ಸುರಿಯುವ ರಂಧ್ರಗಳು ಮಾಳಿಗೆಯಲ್ಲಿವೆ. ಅರಸರ ಧಾನ್ಯ ನೆಲದ ಮೇಲೆ ನಿಂತು ಚರಿತ್ರೆಯಾಯಿತು. ರೈತನ ಧಾನ್ಯ ನೆಲದಡಿಯಲ್ಲಿದ್ದು ಚರಿತ್ರೆಯ ಕಣ್ಣಿಗೆ ಬೀಳಲಿಲ್ಲ. ಕಟ್ಟಿದುದನ್ನು ಮಾತ್ರ ವಾಸ್ತುವೆಂದು ಎಣಿಸಿ, ತೋಡಿದುದನ್ನು ಕೇವಲ ಕುಳಿಯೆಂದು ಕೈಬಿಡುವ ನಮ್ಮ ಪದ್ಧತಿಯ ದೋಷವಿದು.

ಹಗೇವು ಹಿಂದೆ ಸರಿದುದು ಆಕಾರದ ಕುಂದಿನಿಂದಲ್ಲ. ಜೋಳದ ಹೊಲಗಳಿಗೆ ನೀರಾವರಿ ಬಂದಿತು, ಕಬ್ಬು ಬಂದಿತು. 1939ರಲ್ಲಿ ಸ್ಥಾಪಿತವಾದ ಉಗಾರದ ಸಕ್ಕರೆ ಸಂಸ್ಥೆ ಕಾಗವಾಡದ ನೆರೆಯಲ್ಲೇ ಇದೆ. ಕಬ್ಬನ್ನು ಕೂಡಿಡುವಂತಿಲ್ಲ, ಕಡಿದೊಡನೆ ಸಾಗಿಸಬೇಕು. ನಿಪ್ಪಾಣಿಯ ತಂಬಾಕಿಗೆ ಬೇಕಾದುದು ಒಣ ವಖಾರಿ. ಬೆಳೆ ಬದಲಾದಾಗ ಬರಗಾಲಕ್ಕೆಂದು ಕಾಳು ಕಾಪಾಡುವ ವಿದ್ಯೆಯೂ ಮನೆಯಿಂದ ಹೊರಟಿತು.

ಮುಚ್ಚಿಹೋದ ಹಗೇವಿನ ಗುರುತು ಹೇಳಬಲ್ಲವರು ಅದನ್ನು ತುಂಬಿದ ಹಿರಿಯರು. ಅವರ ಸಂಖ್ಯೆ ವರ್ಷವರ್ಷಕ್ಕೆ ಕುಗ್ಗುತ್ತಿದೆ. ನಮ್ಮ ವಿದ್ಯಾರ್ಥಿಗಳು ಕೋಟೆಯ ಅಳತೆಗೆ ಹೊರಡುವ ಮುನ್ನ ತಮ್ಮ ಊರಿನ ಅಂಗಳವನ್ನು ಅಳೆಯಲಿ. ಬಾಯಿಯ ಅಗಲ, ಒಡಲಿನ ಆಳ, ಮಣ್ಣಿನ ಗುಣ, ಹಿಡಿಯುತ್ತಿದ್ದ ಚೀಲಗಳ ಲೆಕ್ಕ—ಇಷ್ಟನ್ನು ಬರೆದಿಟ್ಟರೂ ಅದು ಚರಿತ್ರೆಗೆ ಸಂದ ಸೇವೆಯೇ ಸರಿ.