ಮಳೆಗಾಲಕ್ಕೆ ಮುನ್ನ ಒಂದು ಬೆರಳು ಗ್ರೀಸ್

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅಂಥ ಮಳೆಯಲ್ಲೂ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುವ ಬೈಕಿನ ಹಿಂದೆ ಮಲೆನಾಡಿನ ಮೆಕ್ಯಾನಿಕ್ಕರ ಮೇ ತಿಂಗಳ ಕೈಚಳಕವಿರುತ್ತದೆ.

ಸೀಟು, ಟ್ಯಾಂಕು ಇಳಿಸಿ ಒಂದೊಂದೇ ಕನೆಕ್ಟರ್ ಬಿಚ್ಚುತ್ತಾರೆ. ಪಿನ್ನಿನ ಮೇಲೆ ಹಸಿರು ಕಿಲುಬು ಕಂಡರೆ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಒಣಗಿಸಿ, ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರುತ್ತಾರೆ. ಈ ಗ್ರೀಸಿನಲ್ಲಿ ವಿದ್ಯುತ್ ಹರಿಯದು. ಆದರೆ ಪಿನ್ನು ಬಿಗಿಯಾಗಿ ಕೂತಾಗ, ಲೋಹ ಲೋಹವನ್ನು ಮುಟ್ಟುವಲ್ಲಿ ಅದು ಪಕ್ಕಕ್ಕೆ ಸರಿದು ಸುತ್ತಲಿನ ಸಂದಿಯನ್ನಷ್ಟೇ ತುಂಬುತ್ತದೆ. ನೀರಿಗೆ ಜಾಗವೇ ಉಳಿಯುವುದಿಲ್ಲ. 'ಟಕ್' ಎಂದು ಕೇಳುವವರೆಗೂ ಒತ್ತುವ ಆ ಹೆಬ್ಬೆರಳಿನ ತಾಳ್ಮೆ ದೊಡ್ಡದು.

ವೈರನ್ನು ಕನೆಕ್ಟರ್‌ಗಿಂತ ಕೊಂಚ ಕೆಳಕ್ಕೆ ಬಾಗಿಸಿ ಕಟ್ಟುವುದಂತೂ ಅಪ್ಪಟ ಜಾಣ್ಮೆ: ಜಾರಿ ಬಂದ ಹನಿ ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಸ್ಪಾರ್ಕ್ ಪ್ಲಗ್ ಕ್ಯಾಪಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಹೊಸದನ್ನೇ ಹಾಕುತ್ತಾರೆ; ಒದ್ದೆ ದಾರಿ ಸಿಕ್ಕರೆ ಸಾವಿರಾರು ವೋಲ್ಟಿನ ವಿದ್ಯುತ್ ಕಿಡಿಯಾಗುವ ಮೊದಲೇ ಸೋರಿಹೋಗುತ್ತದೆಂದು ಅವರು ಬಲ್ಲರು.

ಸೀಟು ಕೂರಿಸಿದ ಮೇಲೆ ಇದ್ಯಾವುದೂ ಗಿರಾಕಿಯ ಕಣ್ಣಿಗೆ ಬೀಳದು. ಆದರೂ ಇಷ್ಟು ಅಚ್ಚುಕಟ್ಟಾಗಿ ದುಡಿಯುವ ಈ ಕೈಗಳಿಗೆ ನನ್ನ ಮನಸಾರೆ ನಮಸ್ಕಾರ.